ಗೇಣು ನೀರು

ಪುಸ್ತಕದಾಗ ಇದಕ್ಕ ರೀವ ಅಂತಾರಂತ.
ನಾವು ಕತ್ರಿಬಾಲ ಅಂತೀವಿ.
ನಮ್ಮಪ್ಪ ಇದರ ತತ್ತಿ ತಿಂದಾನ,
ನಾನೂ ತಿಂದೀನಿ, ಸುಳ್ಳ್ಯಾಕ ಹೇಳಲಿ.
ಮಟಮಟ ಮಧ್ಯಾಹ್ನ ಉಸುಕಿನಾಗ ಹುಗಿದರ
ಬೆಂಕಿ ಬೇಕಾಗತಿರಲಿಲ್ಲ.

ಈಗ ಅದೇ ಕೈಯಾಗ ಸುಣ್ಣದ ಡಬ್ಬಿ.
ತತ್ತಿ ಕಂಡಲ್ಲಿ, ಒಂದು ಮಾರು ಈಚೆಗೆ,
ಕಲ್ಲಿಗೆ ಬಿಳಿ ಬೊಟ್ಟಿಡೋದು.
ಯಾದಗಿರಿಯಿಂದ ಪಗಾರ ಬಂದರ ಬಂತು.
ಈ ವರ್ಷ ಮೂವತ್ತೊಂದು ಬೊಟ್ಟು.
ಹೋದ ವರ್ಷದ್ದು ಕೇಳಬ್ಯಾಡ್ರಿ.

ಹೊಳಿ ನಡುವಿನ ನೆಲಕ್ಕ ಗಡ್ಡಿ ಅಂತೀವಿ,
ಸುತ್ತ ನೀರಿದ್ದರ.
ಇಲ್ಲಂದ್ರ ಅದು ಬರೇ ದಿಬ್ಬ.
ಮ್ಯಾಲ ಡ್ಯಾಮಿನ ಗೇಟು ಎತ್ತಿದರ
ತತ್ತಿ ತೇಲಿ ಹೋಗತಾವ,
ಇಳಿಸಿದರ ನಾಯಿ ನಡಕೋತ ಬರತಾವ.
ಎರಡರ ನಡುವ ಒಂದು ಗೇಣಿನ ಲೆಕ್ಕ ಅದ.
ಅದನ್ನ ಯಾವ ಪಟ್ಟಿಯಾಗೂ ಬರದಿಲ್ಲ.

ಯುಗಾದಿ ಆಗಿ ಹತ್ತು ದಿನಕ್ಕ
ಸುರಪುರದ ಕಡಿ ಕವಲು ಬತ್ತಿತು.
ಮುಂಜಾನೆ ಕೆಸರಿನಾಗ ಹೆಜ್ಜಿ ನೋಡಿದೆ:
ನಾಕು ನಾಯಿ, ಒಬ್ಬ ಮನಶಾ.
ಹೆಬ್ಬಟ್ಟಿನ ಹತ್ರ ಹರದ ಚಪ್ಪಲಿ.
ಹೊಲಿಸಿ ಕೊಟ್ಟಾಕಿ ನಾನೇ.
ನನ್ನ ತಮ್ಮ, ಮಾಪಣ್ಣ.

ಸಾಹೇಬ್ರಿಗೆ ಫೋನು ಮಾಡಲಿಲ್ಲ.
ಸೀದಾ ಅವನ ಮನಿಗೆ ಹೋಗಿ
ಸಲಿಕಿ ಕೇಳಿದೆ.
ಆಮ್ಯಾಲ ಅವನನ್ನೂ ಕೇಳಿದೆ.

ರಾತ್ರಿ ಅಗದೀವಿ, ಮೂರು ರಾತ್ರಿ.
ಹಗಲು ಹೋದರ ಹಕ್ಕಿ ಎದ್ದು ಹಾರತಾವ,
ನಾವು ಹುಗಿಯೋದು ಬ್ಯಾಡ,
ಬಿಸಿಲೇ ಬೇಯಿಸಿಬಿಡತದ.
ಅದಕ್ಕ ತಾಯಿ ಹೊಳ್ಯಾಗ ಮುಳುಗಿ
ಹೊಟ್ಟಿ ತೊಯಿಸಿಕೊಂಡು ಬಂದು
ತತ್ತಿ ಮ್ಯಾಲ ಕುಂದರತದ.
ಇದನ್ನ ನಾನು ತಿನ್ನೋದು ಬಿಟ್ಟ ಮ್ಯಾಲೇ ನೋಡಿದ್ದು.

‘ನಾಯಿಗೆ ಈಸಾಕ ಬರತದಲ್ಲ ಅಕ್ಕ?’
‘ಬರತದ. ಮೈಗಳ್ಳ ಜಾತಿ, ಈಸೂದಿಲ್ಲ.
ನಿನ್ನಂಗ.’
ನಕ್ಕ. ಮತ್ತ ಅಗದ.
ಆ ತತ್ತಿ ಮಾತು ಅವನೂ ತೆಗೀಲಿಲ್ಲ,
ನಾನೂ ತೆಗೀಲಿಲ್ಲ.

ನಾಕನೇ ನಸುಕಿಗೆ ನೀರು ಬಂತು,
ಪಾತಿಗೆ ಬಿಟ್ಟ ನೀರಿನಂಗ, ತೆಳ್ಳಗ,
ಸಲಿಕಿ ಹಿಡಿ ಮುಳುಗಲಿಲ್ಲ.
ಆದರೂ ಸುತ್ತು ಹಾಕಿ
ಮ್ಯಾಲಿನ ಹರಿವು ಮುಟ್ಟಿತು.
ದಿಬ್ಬ ಮತ್ತ ಗಡ್ಡಿ ಆಯಿತು.

ಎಣಿಸಿದೆ. ಹತ್ತೊಂಬತ್ತು.
ಗೇಟು ಯಾವಾಗ ಎತ್ತತಾರೋ ಗೊತ್ತಿಲ್ಲ.

ದಂಡಿಗೆ ನಿಂತಿದ್ದ ನಮ್ಮ ಮ್ಯಾಲ
ಕತ್ರಿಬಾಲ ಚೀರಿಕೋತ ಎರಗಿತು,
ನನ್ನ ತಲಿಗೊಮ್ಮೆ, ಅವನ ತಲಿಗೊಮ್ಮೆ,
ಯಾರು ತಿಂದವರು, ಯಾರು ಕಾಯೋರು
ಅಂತ ವಿಚಾರಸದೆ.
ನಾನು ಸೆರಗು ಹೊದ್ದುಕೊಂಡೆ.
ಮಾಪಣ್ಣ ಟವೆಲ್ಲು ತೆಗೆದ,
‘ಕುಕ್ಕಲಿ ಬಿಡು’ ಅಂತ.