ಮೂಟೆಯ ಮೇಲಿನ ಊರುಗಳು

ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ
ನನ್ನದು ಮಸಿಯ ಕೆಲಸ.
ಅಕ್ಷರ ಕೊರೆದ ತಗಡನ್ನು ಗೋಣಿಯ ಹೊಟ್ಟೆಗೊತ್ತಿ
ಬ್ರಶ್ಶು ಎಳೆದರೆ ಒಂದು ಊರು ಮೂಡುತ್ತದೆ.
ಇಂಗ್ಲಿಷು ಬಾರದು, ಆದರೆ ಮುಖಪರಿಚಯ ಉಂಟು:
ಮೂರಕ್ಷರ, ಒಂದು ಖಾಲಿ, ಮತ್ತೆ ನಾಲ್ಕು, ಅದು ನ್ಯೂಯಾರ್ಕ್.
ಬಿಡುವಿಲ್ಲದೆ ಏಳು, ಕೊನೆಗೊಂದು ಸೊನ್ನೆ, ಅದು ಷಿಕಾಗೊ.

ಜಗಳ ಹುಟ್ಟಿದ್ದು ಆ ಖಾಲಿ ಜಾಗದಿಂದ.

"ನೋಡು, ನಡುವೆ ಅಂಗಳ ಬಿಟ್ಟು ಕಟ್ಟಿದ್ದಾರೆ,
ದೊಡ್ಡ ಮನೆತನ," ಎಂದಳು ಸಫೂರಾ,
ಉಳ್ಳಾಲದಿಂದ ಬಂದ ಸೊಸೆ, ಕಡಲು ಕಂಡವಳು.
"ನಿನ್ನ ಷಿಕಾಗೊಗೆ ಈ ಹಡಗು ಹೋಗುತ್ತಾ?
ಯಾರದೋ ಬಂದರಿನಲ್ಲಿ ಇಳಿದು, ರೈಲು ಹತ್ತಿ,
ಹಿತ್ತಲ ಬಾಗಿಲು ತಟ್ಟಬೇಕು."

ಚೆನ್ನಾಜಮ್ಮ ಕಪ್ಪು ಬೀಜ ಆರಿಸುವುದನ್ನು ನಿಲ್ಲಿಸಿದಳು.
ಕುಶಾಲನಗರದಲ್ಲೇ ಹುಟ್ಟಿದವಳು;
ಮಡಿಕೇರಿಯವರು ಬಸ್ಸಿಳಿದು ಬೆವರೊರೆಸಿಕೊಂಡು
"ಇದೂ ಕೊಡಗಾ?" ಎನ್ನುವುದನ್ನು
ಐವತ್ತು ವರ್ಷ ಕೇಳಿಸಿಕೊಂಡವಳು.
"ಕಡಲಿಲ್ಲದಿದ್ದರೆ ಊರಲ್ಲವೇನೇ?
ಬೆಟ್ಟದವರ ಕಾಫಿಗೆ ಸಿಪ್ಪೆ ಸುಲಿಯೋದು
ಬೆಟ್ಟವಿಲ್ಲದ ನಮ್ಮೂರಲ್ಲೇ ಅಲ್ವಾ?"

ಅಂದಿನಿಂದ ಎರಡು ಬೆಂಚು, ಎರಡು ಪಕ್ಷ.
ಕಾಗದ ನೋಡಿ ರೈಟರ್ ಬೆಳ್ಯಪ್ಪ ಹೇಳಿದ್ದೇ ಪುರಾಣ:
ನ್ಯೂಯಾರ್ಕಿನ ಮೂಗು ಸೂಕ್ಷ್ಮ, ಮುಗ್ಗಲು ವಾಸನೆ ತಡೆಯದು.
ಬಾಸ್ಟನ್ ಓದಿದ ಊರು, ಆದರೂ ಒಮ್ಮೆ ಸಿಟ್ಟೇರಿ
ಚಹಾದ ಪೆಟ್ಟಿಗೆಗಳನ್ನೆಲ್ಲ ಕಡಲಿಗೆಸೆದದ್ದು.
ಷಿಕಾಗೊಗೆ ಗಾಳಿಯೂರು ಎಂದು ಹೆಸರು;
ಗಾಳಿ ಬೀಸುವುದಕ್ಕೋ, ಜನ ಬಡಾಯಿ ಕೊಚ್ಚುವುದಕ್ಕೋ
ತನಗೂ ಖಚಿತವಿಲ್ಲ.
ಲಾಸ್ ಏಂಜಲೀಸಿನಲ್ಲಿ ನಡೆಯುವವರೇ ಇಲ್ಲ, ಬರೀ ಕಾರು.
"ಹಾಗಾದ್ರೆ ಗೋಣಿಕೊಪ್ಪ," ಎಂದಿತು ಹಿಂದಿನಿಂದ ಒಂದು ದನಿ.

"ನಮ್ಮ ಷಿಕಾಗೊದಲ್ಲೂ ನೀರಿದೆ,
ಆಚೆ ದಡ ಕಾಣದಷ್ಟು ದೊಡ್ಡ ಕೆರೆ."
"ಉಪ್ಪಿದೆಯಾ?" ಎಂದಳು ಸಫೂರಾ.
"ಕುಡಿಯಬಹುದು," ಎಂದಳು ಚೆನ್ನಾಜಮ್ಮ.
ಆ ದಿನ ಸಫೂರಾ ಊಟದ ಡಬ್ಬಿ ಬೇಗ ಮುಚ್ಚಿದಳು.

ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ದೂರು ಬಂತು:
ಒಂದು ಮೂಟೆಯಲ್ಲಿ ಬಳೆಯ ಚೂರು. ಗಾಜು. ಹಸಿರು.
ಸಾಲಾಗಿ ನಿಲ್ಲಿಸಿದರು.
ಕೈಗಳೆಲ್ಲ ಸೆರಗಿನೊಳಗೆ ಹೋದವು.
ಸಫೂರಾಳ ಕೈಯಲ್ಲಿ ಗಾಜು ಕಂಡವರಿಲ್ಲ,
ಹಳೇ ಕೈಗಡಿಯಾರವೊಂದೇ.
"ನಮ್ಮ ಬೆಂಚಿಂದು," ಎಂದಳು,
"ನಮ್ಮೂರಿಗೆ ಹೋದ ಮಾಲಲ್ವಾ, ನಮ್ಮದೇ ತಪ್ಪು."
ಅರ್ಧ ದಿನದ ಕೂಲಿ ಮುರಿದರು.
ಚೆನ್ನಾಜಮ್ಮ ಬೀಜ ಆರಿಸುತ್ತಲೇ ಇದ್ದಳು,
ಒಳ್ಳೆಯದನ್ನೂ ಕಪ್ಪಿನ ಗುಡ್ಡೆಗೆ ಹಾಕುತ್ತ.
ಮರುದಿನ ಬರಿಗೈಯಲ್ಲಿ ಬಂದು
ಬಾಗಿಲಲ್ಲೇ ಶುರು ಮಾಡಿದಳು,
ನ್ಯೂಯಾರ್ಕಿನವರಿಗೆ ಸೊಕ್ಕು ಎಂದು,
ಹಿಂದೆಂದಿಗಿಂತ ಜೋರಾಗಿ.

ಮಸಿ ಚೆಲ್ಲಿದ, ತಗಡು ಜಾರಿದ ಗೋಣಿಗಳು
ಮಳೆಗಾಲಕ್ಕೆ ನಮ್ಮ ಪಾಲು.
ಒಂದರ ಮೇಲೆ ನಿದ್ದೆಗಣ್ಣಲ್ಲಿ
ಎರಡು ಊರನ್ನೂ ಒತ್ತಿಬಿಟ್ಟಿದ್ದೆ.
ಅದನ್ನು ಕೇಳಿ ಪಡೆದವಳು ಬಸವನಹಳ್ಳಿಯ ಬೊಳ್ಳಿ,
ಯಾವ ಬೆಂಚಿನಲ್ಲೂ ಕೂರದವಳು, ನೆಲ ಗುಡಿಸುವವಳು.
ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ
ಕೊಪ್ಪೆ ಮಾಡಿ ತಲೆಗೇರಿಸಿ
ಮಂಗಳವಾರದ ಸಂತೆಗೆ ಹೊರಟಳು.

ಹಿಂದಿನಿಂದ ನೋಡಿದೆ.
ಎಣಿಸಿದರೆ ಎರಡಕ್ಕೂ ಏಳೇಳೇ ಅಕ್ಷರ.
ಒಂದರ ಅಂಗಳದಲ್ಲಿ ಇನ್ನೊಂದರ ಕಾಲು.
"ಯಾವುದೇ ಮೇಲಿರೋದು?"
ಎರಡು ಬೆಂಚೂ ಒಟ್ಟಿಗೆ ಕೂಗಿದವು ಕಿಟಕಿಯಿಂದ.
ಮಳೆಯ ಸದ್ದಿಗೆ ಕೇಳಿಸಿತೋ ಇಲ್ಲವೋ,
ಬೊಳ್ಳಿ ಮೀನಿನ ಸಾಲಿಗೆ ತಿರುಗಿದಳು.