ಕನಸು ಬಿತ್ತಾ

ಬೆಳಿಗ್ಗೆ ಐದೂವರೆಗೆ ಮೊದಲ ಟ್ರಿಪ್ಪು.
ಖಾಕಿ ಅಂಗಿಯ ಗುಂಡಿ ಹಾಕುತ್ತಾ
ಚಾಪೆಯ ಪಕ್ಕ ಕೂತು, ನನ್ನ ಹಣೆ ಮುಟ್ಟಿ
ಕೇಳುತ್ತಿದ್ದ ಅಪ್ಪ: ಕನಸು ಬಿತ್ತಾ ಮಗಾ?

ಬೋಳಾರದ ಆ ಓಣಿಯಲ್ಲಿ
ಯಾವ ಅಪ್ಪನೂ ಮಗಳ ಕನಸು ಕೇಳುತ್ತಿರಲಿಲ್ಲ.
ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ.

ಹಾವು ಅಂದರೆ ಏಳು. ಹೆಣ ಅಂದರೆ ಸೊನ್ನೆ.
ಬಂಗುಡೆಗೆ ಒಂದು ಅಂಕೆ, ಬೂತಾಯಿಗೆ ಬೇರೆ.
ನಾನು ಹೇಳಿದ್ದನ್ನು ಟಿಕೆಟಿನ ಹಿಂದೆ ಬರೆದು
ಪೆನ್ನು ಕಿವಿಗೆ ಸಿಕ್ಕಿಸಿ
ಸಿಳ್ಳೆ ಹಾಕುತ್ತಾ ಮೆಟ್ಟಿಲು ಇಳಿಯುತ್ತಿದ್ದ.

ಕನಸು ಬೀಳದ ದಿನ ಅವನ ಮುಖ ನೋಡಲಾಗದೆ
ಕಟ್ಟಿ ಹೇಳತೊಡಗಿದೆ.
ಒಂಬತ್ತನೇ ವಯಸ್ಸಿಗೆ ನಾನು ಕಲಿತ ಮೊದಲ ಕಸುಬು ಅದು.

ಒಮ್ಮೆ, ಅಮ್ಮನ ಬೀಡಿ ತಡ್ಪೆಯಲ್ಲಿ
ಎರಡು ಬೆಕ್ಕಿನ ಮರಿ ಮಲಗಿದ್ದವು ಅಂದೆ.
ಸುಳ್ಳು. ಪೂರ್ತಿ ಸುಳ್ಳು.
ಆ ರಾತ್ರಿ ಜೋಡಿ ಬಿತ್ತು. ಒಂದಕ್ಕೆ ಎಪ್ಪತ್ತು.

ಎಂಥ ರಾತ್ರಿ ಮಾರಾಯ್ರೆ!
ಅಂಜಲ್ ಮೀನು, ಅಮ್ಮನಿಗೆ ಕೆಂಪು ಸೀರೆ,
ನನಗೆ ಹಿಮ್ಮಡಿಯಲ್ಲಿ ದೀಪ ಮಿನುಗುವ ಚಪ್ಪಲಿ,
ಪಕ್ಕದ ಮನೆಯ ಗಿರಿಯಕ್ಕನಿಗೂ ಐಸ್‌ಕ್ರೀಮು.
ಎಲ್ಲರೂ ಸೋತ ಲೆಕ್ಕ ಕೇಳುತ್ತಾರೆ.
ನಾನು ಹೇಳುವುದು ಈ ರಾತ್ರಿಯನ್ನೇ,
ಮನೆ ಮುಳುಗಲು ಹೊರಟದ್ದು ಇಲ್ಲಿಂದ.

ಆಮೇಲೆ ಊರೇ ಅವನೊಡನೆ ಮಾತಾಡತೊಡಗಿತು.
ಎದುರು ಬಸ್ಸಿನ ನಂಬರ್ ಪ್ಲೇಟು,
ಪೇಪರಿನಲ್ಲಿ ಸತ್ತವರ ವಯಸ್ಸು,
ಹಂಪನಕಟ್ಟೆಯ ಕೆಂಪು ದೀಪಕ್ಕೆ ಉಳಿದ ಸೆಕೆಂಡು,
ಇಗರ್ಜಿಯ ಗಂಟೆ
ಎಲ್ಲ ಅವನೊಬ್ಬನಿಗೇ ಏನೋ ಹೇಳುತ್ತಿದ್ದವು.
ನಾವು ಹೇಳಿದ್ದು ಕೇಳಿಸುತ್ತಿರಲಿಲ್ಲ.

ಅಮ್ಮನ ಕರಿಮಣಿ ಹೋದದ್ದು ಒಂದು ವಾರಕ್ಕೆಂದು.
ಆ ವಾರ ಇನ್ನೂ ಮುಗಿದಿಲ್ಲ.
ಬೀಡಿ ಬ್ರಾಂಚಿನಿಂದ ಬಂದ ದುಡ್ಡನ್ನು ಅವಳು
ಹೊಗೆಸೊಪ್ಪಿನ ಅಡಿಯಲ್ಲಿ, ಅಕ್ಕಿಯೊಳಗೆ,
ಕೊನೆಗೆ ನನ್ನ ಜ್ಯಾಮಿಟ್ರಿ ಪೆಟ್ಟಿಗೆಯಲ್ಲಿ ಅಡಗಿಸಿದಳು.
ತೋರಿಸಿಕೊಟ್ಟದ್ದು ನಾನೇ.
ಅವನು ಕೇಳಿದ್ದು ಅಷ್ಟು ಮೆಲ್ಲಗೆ,
ಕನಸು ಕೇಳುವ ದನಿಯಲ್ಲೇ.

ಕಲೆಕ್ಷನಿನಲ್ಲಿ ಮುನ್ನೂರು ಕಡಿಮೆ,
ಆಮೇಲೆ ಸಾವಿರದ ಇನ್ನೂರು.
ಧಣಿ ಬ್ಯಾಗು ಕಿತ್ತುಕೊಂಡದ್ದು
ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ, ಎಲ್ಲ ಡ್ರೈವರುಗಳೆದುರು.
ನಡೆದೇ ಮನೆಗೆ ಬಂದ.
ದಾರಿಯುದ್ದಕ್ಕೂ ಹೆಜ್ಜೆ ಎಣಿಸಿದನಂತೆ.
ಮರುದಿನ ಆ ಎಣಿಕೆಯನ್ನೂ ಆಡಿದ.

ಎಷ್ಟೋ ವರ್ಷದ ಮೇಲೆ ಒಮ್ಮೆ ಕೇಳಿದ್ದೆ,
ಬಿಡಲು ಯಾಕೆ ಆಗಲಿಲ್ಲ ಅಂತ.
ಪೂರ್ತಿ ಸೋತ ದಿನ ನಿದ್ದೆ ಬರ್ತಿತ್ತು ಮಗಾ, ಅಂದ.
ನಾಲ್ಕಕ್ಕೆ ಕಟ್ಟಿ ಐದು ಬಿದ್ದ ದಿನ ಉಂಟಲ್ಲ,
ಯಾರೋ ಬಾಗಿಲು ಅರ್ಧ ತೆರೆದು
ಬಾ ಅಂತ ಕೈ ಮಾಡಿದ ಹಾಗೆ.

ಈಗ ಆಟ ಬಿಟ್ಟು ಹನ್ನೊಂದು ವರ್ಷ.
ಎಣಿಸುವವರು ನಾವು. ಅವನು ಎಣಿಸುವುದಿಲ್ಲ.
ಅವನ ಕೋಣೆಯಲ್ಲಿ ಕ್ಯಾಲೆಂಡರಿಲ್ಲ.
ಫೋನಿನಲ್ಲಿ ರಮ್ಮಿಯ ಜಾಹೀರಾತು ಬಂದರೆ
ಸುಡುವ ಪಾತ್ರೆಯಂತೆ ನನ್ನ ಕೈಗೆ ದಾಟಿಸಿ
ಅಂಗಳಕ್ಕೆ ಹೋಗುತ್ತಾನೆ.
ಒಟಿಪಿ ಬಂದರೆ ಓದಿ ಹೇಳುವುದಿಲ್ಲ.
ಬಸ್ಸು ಹಾದುಹೋಗುವಾಗ ನೆಲ ನೋಡುತ್ತಾನೆ,
ಗಾಲಿಗಳು ದಾಟುವ ತನಕ.

ನಿನ್ನೆ ನನಗೊಂದು ಕನಸು ಬಿತ್ತು, ನಿಜವಾದದ್ದು.
ನೇತ್ರಾವತಿಯ ಮೇಲೆ ಬಸ್ಸು ದೋಣಿಯಂತೆ ತೇಲುತ್ತಿತ್ತು,
ಸೀಟುಗಳ ತುಂಬ ಬೆಕ್ಕಿನ ಮರಿಗಳು,
ಅಪ್ಪ ಫುಟ್‌ಬೋರ್ಡಿನಲ್ಲಿ ನಿಂತು
ರೈಟ್ ರೈಟ್ ಎನ್ನುತ್ತಿದ್ದ, ಟಿಕೆಟಿನ ಹಂಗಿಲ್ಲದೆ.

ಬೆಳಿಗ್ಗೆ ಐದೂವರೆಗೆ ಎದ್ದಿದ್ದ, ಹಳೆಯ ಅಭ್ಯಾಸ.
ಚಾ ಇಟ್ಟು ಎದುರು ಕೂತೆ.
ಕೇಳಲಿ ಅಂತ ಕಾದೆ.
ನನ್ನ ಮುಖ ನೋಡಿದ. ತುಟಿ ತೆರೆದ.
ಮುಚ್ಚಿದ.
ಸಕ್ಕರೆ ಸ್ವಲ್ಪ ಕಡಿಮೆ, ಅಂದ.