ಅಂಚಿನ ಚೌಕ

ಗುತ್ಯಪ್ಪ ಗೋಣಿಯಲ್ಲಿ ಸುತ್ತಿ ತಂದದ್ದು
ತಾಳಗುಪ್ಪದ ಲೈನಿನಿಂದ ಇಳಿಸಿದ
ಕಂದು ಪಿಂಗಾಣಿ ಬಿಲ್ಲೆ.
"ಇದು ಸತ್ತೋಗಿದೆ ಮೇಡಂ" ಎಂದು
ಉಗುರಿನಿಂದ ತಟ್ಟಿದ. ಟಕ್.
ಜೀವ ಇದ್ದರೆ ಟಣ್ ಅನ್ನಬೇಕಂತೆ.

ನಾನು ತಟ್ಟುವವಳಲ್ಲ.
ಅಳೆದು, ಪರದೆಯ ಮೇಲೆ ಚೌಕ ಚೌಕವಾಗಿ ಹೆಚ್ಚುವವಳು.
ಈ ಚೌಕ ಗಾಳಿ: ಒಂದು.
ಈ ಚೌಕ ಪಿಂಗಾಣಿ: ಆರು.
ಅಂಚಿನಲ್ಲಿ ಒಂದು ಉಳಿದುಬಿಡುತ್ತದೆ,
ಅರ್ಧ ಅದು, ಅರ್ಧ ಇದು.
ಅದರೊಳಗೆ ಏನು ಬರೆಯಲಿ?

ಗಡಿಯ ಗುಂಟ ಸಾಗುವ ಕ್ಷೇತ್ರ ಬಂದು ಕೇಳಿದರೆ
ಮೂರೂವರೆ ಅನ್ನಬೇಕು.
ಗಡಿ ಹಾಯುವ ಕ್ಷೇತ್ರ ಕೇಳಿದರೆ
ಒಂದೂಮುಕ್ಕಾಲಿಗೆ ತುಸು ಕಮ್ಮಿ.
ಅಜ್ಜಿಯ ಎರಡು ಸೇರು ನೆನಪಾಯಿತು,
ಕೊಡುವುದಕ್ಕೊಂದು, ಈಸಿಕೊಳ್ಳುವುದಕ್ಕೊಂದು.
ಅವಳ ಲೆಕ್ಕ ಸುಳ್ಳು.
ಇಲ್ಲಿ ಎರಡೂ ನಿಜ.

ಬಿರುಕನ್ನು ಕೂರಿಸಿದೆ, ಕೂದಲೆಳೆಯಷ್ಟು ಗಾಳಿ.
ರಾತ್ರಿಯಿಡೀ ಗಣಕದ ಫ್ಯಾನು ಏದುಸಿರು ಬಿಟ್ಟಿತು.
ಹೊರಗೆ ಶಿವಮೊಗ್ಗ ಪೂರ್ತಿ ಮಂಜಿನೊಳಗೆ,
ಹೊಳೆ ಎಲ್ಲಿ ಮುಗಿದು ದಂಡೆ ಎಲ್ಲಿ ಶುರುವೋ.
ಬೆಳಗಾಗ ನೋಡಿದರೆ ಪಿಂಗಾಣಿಯೆಲ್ಲ ತಣ್ಣನೆ ನೀಲಿ,
ಬಿರುಕಿನಲ್ಲಿ ಮಾತ್ರ ಕೆಂಪು. ಆರು ಪಟ್ಟು.
ಇಷ್ಟು ದಪ್ಪ ಪಿಂಗಾಣಿ ಸುಮ್ಮನೆ ಕೂತಿದೆ,
ಒತ್ತಡ ತಿನ್ನುತ್ತಿರುವುದು
ಏನೂ ಇಲ್ಲದ ಜಾಗ.

ಅದು ಸರಿ. ಅದು ಪುಸ್ತಕದಲ್ಲಿದೆ.
ಆದರೆ ಕಬ್ಬಿಣದ ಟೋಪಿ, ಪಿಂಗಾಣಿ, ಗಾಳಿ
ಮೂರೂ ಸೇರುವ ಮೂಲೆಯಲ್ಲಿ
ಸಂಖ್ಯೆ ನಿಲ್ಲುವುದೇ ಇಲ್ಲ.
ಚೌಕವನ್ನು ಅರ್ಧ ಮಾಡಿದೆ, ಏರಿತು.
ಮತ್ತೆ ಅರ್ಧ, ಮತ್ತೂ ಏರಿತು.
ಬಾಗನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ತಪ್ಪೆಂದು
ಅಳಿಸಲು ಕೈ ಹಾಕಿದ್ದೆ.

ಸ್ಟೋರಿಗೆ ಲೆಕ್ಕ ಒಪ್ಪಿಸಲು
ಬಿಲ್ಲೆ ವಾಪಸ್ ಒಯ್ಯಲು ಬಂದವನು
ಪರದೆಗೆ ಬೆರಳಿಟ್ಟ, ಅದೇ ಮೂಲೆಗೆ.
"ಧನುರ್ಮಾಸದಾಗೆ, ಬೆಳಗಿನ್ ಜಾವ ನಾಕಕ್ಕೆ,
ನೀಲಿ ಹೂ ಬಿಡೋದು ಇಲ್ಲೇ.
ಚಿಟಿಚಿಟಿ ಅಂತದೆ.
ನೀವ್ಯಾವಾಗ ಬಂದು ನೋಡಿದ್ರಿ?"

ನೋಡಿಲ್ಲ ಅಂದೆ.
"ಎಷ್ಟು ಬರ್ತದೆ ಅಲ್ಲಿ?"
ಚೌಕ ಸಣ್ಣದಾದಷ್ಟೂ ಜಾಸ್ತಿ, ಕೊನೆಯಿಲ್ಲ.
"ಹಂಗಾರೆ ಗೊತ್ತಿಲ್ಲ ಅಂತ್ಲೇ ಬರೀರಿ"
ಎಂದು ಗೋಣಿಯ ಬಾಯಿ ಕಟ್ಟಿದ.

ವರದಿಯಲ್ಲಿ ಆ ಕಾಲಂ ಇನ್ನೂ ಖಾಲಿ.
ಶುಕ್ರವಾರ ಮೂರಕ್ಕೆ ಅಲಾರಂ ಇಟ್ಟಿದ್ದೇನೆ.
ಟಾರ್ಚು ಬೇಡ, ಕಂಬಳಿ ತನ್ನಿ
ಎಂದಿದ್ದಾನೆ.